ಬರೆದವರ ಹೆಸರಿಲ್ಲದ ಗೋಡೆಗಳು

ಕನ್ನಡದಲ್ಲಿ 'ಬರೆ' ಎಂಬ ಒಂದೇ ಕ್ರಿಯಾಪದ ಎರಡು ಕೆಲಸಗಳನ್ನು ಹೇಳುತ್ತದೆ. ಮಗುವು ಪಾಟಿಯ ಮೇಲೆ ಅಕ್ಷರವನ್ನೂ ಬರೆಯುತ್ತದೆ, ಗೋಡೆಯ ಮೇಲೆ ಚಿತ್ರವನ್ನೂ ಬರೆಯುತ್ತದೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಚಿತ್ರಕಲಾ ಶಿಕ್ಷಕನಾಗಿ ದುಡಿದ ನನಗೆ ಈ ಪದದ ಔದಾರ್ಯ ಯಾವಾಗಲೂ ಮೆಚ್ಚುಗೆಯಾದ ಸಂಗತಿ. ಸಮುದ್ರಗಳಾಚೆಯ ಮೆಕ್ಸಿಕೊ ದೇಶದ ಮೂಲನಿವಾಸಿಗಳ ನಾವಾತ್ಲ್ ಭಾಷೆಯಲ್ಲಿಯೂ ಇದೇ ಪದ್ಧತಿಯುಂಟೆಂದು ತಿಳಿದಾಗ ನನಗಾದ ಸಂತೋಷವನ್ನು ಹೇಳಲಾರೆ. ಅಲ್ಲಿ ಬರೆಯುವವನೂ ಚಿತ್ರಿಸುವವನೂ ಒಬ್ಬನೇ. ಅವನನ್ನು 'ತ್ಲಾಕ್ವಿಲೊ' ಎಂದು ಕರೆಯುತ್ತಿದ್ದರು. ಅತ್ತಿಯ ಜಾತಿಯ ಮರಗಳ ತೊಗಟೆಯಿಂದ ತಯಾರಿಸಿದ 'ಅಮಾತೆ' ಎಂಬ ಕಾಗದದ ಮೇಲೆ, ಇಲ್ಲವೇ ಹದಮಾಡಿದ ಜಿಂಕೆಯ ಚರ್ಮದ ಮೇಲೆ, ಅವನು ದೇವತೆಗಳ ಚರಿತ್ರೆ, ಅರಸರ ವಂಶಾವಳಿ, ಕಪ್ಪಕಾಣಿಕೆಗಳ ಲೆಕ್ಕ, ದಿನಗಣನೆಯ ಪಂಚಾಂಗ ಎಲ್ಲವನ್ನೂ ಚಿತ್ರರೂಪದಲ್ಲಿ ಬರೆದಿಡುತ್ತಿದ್ದನು. ಆ ಪುಸ್ತಕಗಳು ನಮ್ಮ ಹಿರಿಯರ ಕಡತಗಳಂತೆ ಮಡಿಕೆ ಮಡಿಕೆಯಾಗಿ ಮಡಿಚಿಡುವಂಥವು.

ಈ ತ್ಲಾಕ್ವಿಲೊಗಳ ಮಕ್ಕಳು ಮೊಮ್ಮಕ್ಕಳು, ತಮ್ಮ ನಾಡು ಪರಕೀಯರ ವಶವಾದ ಮೇಲೆ, ಕ್ರೈಸ್ತ ಮಠಗಳ ಗೋಡೆಗಳ ಮೇಲೆ ಬರೆದ ಚಿತ್ರಗಳನ್ನು ಕಣ್ಣಾರೆ ಕಾಣುವ ಅವಕಾಶ 2019ರಲ್ಲಿ ನನಗೆ ಒದಗಿತು. ಮಗಳು ಅಳಿಯ ಉದ್ಯೋಗನಿಮಿತ್ತ ಮೆಕ್ಸಿಕೊ ನಗರದಲ್ಲಿದ್ದುದರಿಂದ ಎರಡು ತಿಂಗಳು ಅಲ್ಲಿ ತಂಗಿದ್ದೆ. ಸ್ಮರಣ ಸಂಚಿಕೆಗೆ ಪ್ರವಾಸದ ಅನುಭವವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಪಿರಮಿಡ್ಡುಗಳನ್ನೂ ಪೇಟೆಗಳನ್ನೂ ಕುರಿತು ಬರೆಯುವುದಕ್ಕಿಂತ ಈ ಗೋಡೆಗಳನ್ನು ಕುರಿತು ಬರೆಯುವುದೇ ಲೇಸೆನಿಸಿತು. ಏಕೆಂದರೆ ಆ ಮಠಗಳು ಪಾಠಶಾಲೆಗಳೂ ಆಗಿದ್ದವು. ಕಲಿಸುವವರಿಗೂ ಕಲಿತವರಿಗೂ ಇರಬೇಕಾದ ಸಂಬಂಧವನ್ನು ಕುರಿತು ಅವು ಒಂದು ಕಠಿಣವಾದ ಪ್ರಶ್ನೆಯನ್ನು ಕೇಳುತ್ತವೆ.

ಸ್ಪೇನ್ ದೇಶದ ಸೇನೆಗೆ ಆಸ್ತೆಕರ ರಾಜಧಾನಿಯಾದ ತೆನೊಚ್ತಿತ್ಲಾನ್ ವಶವಾದುದು 1521ರಲ್ಲಿ. ಸೈನಿಕರ ಬೆನ್ನಹಿಂದೆಯೇ ಸಂನ್ಯಾಸಿಗಳು ಬಂದರು. 1524ರಲ್ಲಿ ಫ್ರಾನ್ಸಿಸ್ಕನ್ ಪಂಥದ ಹನ್ನೆರಡು ಮಂದಿ, 1526ರಲ್ಲಿ ಡೊಮಿನಿಕನ್ ಪಂಥದವರು, 1533ರಲ್ಲಿ ಆಗಸ್ಟೀನಿಯನ್ ಪಂಥದವರು ಅಲ್ಲಿಗೆ ಕಾಲಿಟ್ಟರು. ವೆಹೋಟ್ಸಿಂಗೊ ಎಂಬ ಊರಿನ ಮಠದ ಗೋಡೆಯ ಮೇಲೆ ಆ ಮೊದಲ ಹನ್ನೆರಡು ಜನ ಶಿಲುಬೆಯ ಇಕ್ಕೆಲಗಳಲ್ಲಿ ಮಂಡಿಯೂರಿ ಕುಳಿತ ಚಿತ್ರವನ್ನು ಇಂದಿಗೂ ಕಾಣಬಹುದು. ಶತಮಾನ ಮುಗಿಯುವುದರೊಳಗೆ ಮಧ್ಯ ಮೆಕ್ಸಿಕೊದಲ್ಲಿ ನೂರಾರು ಮಠಗಳು ತಲೆಯೆತ್ತಿದವು. ಎಲ್ಲ ಕಡೆಯೂ ಬಹುಮಟ್ಟಿಗೆ ಒಂದೇ ವಿನ್ಯಾಸ: ಎತ್ತರದ ಪ್ರಾಕಾರ, ಅದರೊಳಗೆ ವಿಶಾಲವಾದ ಅಂಗಳ, ಅಂಗಳದಲ್ಲಿ ಕಲ್ಲಿನ ಶಿಲುಬೆ, ಸಾವಿರಾರು ಜನ ಬಯಲಿನಲ್ಲಿ ನಿಂತು ಪೂಜೆಯಲ್ಲಿ ಪಾಲ್ಗೊಳ್ಳಲೆಂದು ಮುಂಭಾಗ ತೆರೆದಿರುವ ಒಂದು ಮಂಟಪ, ಪಕ್ಕದಲ್ಲಿ ಕೋಟೆಯಂಥ ದೇವಾಲಯ, ಅದಕ್ಕೆ ಹೊಂದಿಕೊಂಡಂತೆ ಸಂನ್ಯಾಸಿಗಳ ವಾಸದ ಚೌಕ. ಆ ಚೌಕದ ಸುತ್ತಲಿನ ಕೈಸಾಲೆಗಳು, ಮೆಟ್ಟಿಲುಗಳು, ಊಟದ ಮನೆ, ಇವುಗಳ ಗೋಡೆಗಳೆಲ್ಲ ಚಿತ್ರಮಯವಾಗಿದ್ದವು.

ಭಾಷೆ ಬಾರದ ಗುರುವಿಗೆ ಚಿತ್ರವೇ ನಾಲಗೆ. ಫ್ಲಾಂಡರ್ಸ್ ನಾಡಿನ ಪೆದ್ರೊ ದೆ ಗಾಂತೆ ಎಂಬ ಸಹೋದರ ಸಂನ್ಯಾಸಿ 1523ರಲ್ಲಿಯೇ ಬಂದು, ನಾವಾತ್ಲ್ ಭಾಷೆಯನ್ನು ಕಲಿತು, ಮೆಕ್ಸಿಕೊ ನಗರದ ಫ್ರಾನ್ಸಿಸ್ಕನ್ ಮಠದಲ್ಲಿ ಮೂಲನಿವಾಸಿ ಮಕ್ಕಳಿಗಾಗಿ ಶಾಲೆಯನ್ನು ನಡೆಸಿದನು. ಓದು, ಬರಹ, ಸಂಗೀತಗಳ ಜೊತೆಗೆ ಚಿತ್ರ, ಶಿಲ್ಪ, ಕಸೂತಿ, ಬಡಗಿತನಗಳನ್ನೂ ಅಲ್ಲಿ ಕಲಿಸುತ್ತಿದ್ದರು. ಸಂನ್ಯಾಸಿಯೊಬ್ಬ ಕೋಲು ಹಿಡಿದು ಚಿತ್ರಗಳನ್ನು ತೋರಿಸುತ್ತ ಜನರಿಗೆ ಬೋಧಿಸುವ ನೋಟ, ದಿಯೆಗೊ ವಲಾದೆಸ್ ಎಂಬ ಫ್ರಾನ್ಸಿಸ್ಕನ್ ಲೇಖಕ 1579ರಲ್ಲಿ ಇಟಲಿಯಲ್ಲಿ ಅಚ್ಚುಮಾಡಿಸಿದ ಗ್ರಂಥದಲ್ಲಿದೆ. ಕಪ್ಪುಹಲಗೆಯ ಮುಂದೆ ಆಯುಷ್ಯವನ್ನು ಕಳೆದವರಿಗೆ ಆ ಕೋಲಿನ ಪರಿಚಯವನ್ನು ಬೇರೆ ಹೇಳಬೇಕಾಗಿಲ್ಲ.

ಗಾಂತೆಯ ಮೇಲ್ವಿಚಾರಣೆಯಲ್ಲಿ ಸಿದ್ಧವಾದ ಒಂದು ಕೃತಿ ಈಗ ಫ್ರಾನ್ಸಿನ ಓಶ್ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿದೆ. ಹಕ್ಕಿಗಳ ಬಣ್ಣದ ಗರಿಗಳನ್ನು ಒತ್ತಾಗಿ ಅಂಟಿಸಿ, ಸಂತ ಗ್ರೆಗರಿಯ ಬಲಿಪೂಜೆಯ ದೃಶ್ಯವನ್ನು ಮೂಡಿಸಿದ ಫಲಕವದು. ಮೂಲನಿವಾಸಿಗಳೂ ವಿವೇಕವುಳ್ಳ ಮನುಷ್ಯರೇ ಎಂದು 1537ರಲ್ಲಿ ಶಾಸನ ಹೊರಡಿಸಿದ ಪೋಪ್ ಮೂರನೆಯ ಪಾಲ್ ಅವರಿಗೆಂದು 1539ರಲ್ಲಿ ಅದನ್ನು ಮಾಡಲಾಯಿತು. ಅಂಚಿನ ಲ್ಯಾಟಿನ್ ಬರಹದಲ್ಲಿ ಪೋಪರ ಹೆಸರಿದೆ, ಗಾಂತೆಯ ಹೆಸರಿದೆ, ಅಂದಿನ ಸ್ಥಳೀಯ ಅಧಿಪತಿ ದಿಯೆಗೊನ ಹೆಸರೂ ಇದೆ. ಒಂದೊಂದೇ ಗರಿಯನ್ನು ಹೆಕ್ಕಿ ಅಂಟಿಸಿದವರ ಹೆಸರು ಮಾತ್ರ ಇಲ್ಲ.

ಗೋಡೆಯ ಚಿತ್ರಗಳ ತಂತ್ರವನ್ನು ಕುರಿತು ಎರಡು ಮಾತು ಹೇಳಬೇಕು. ಸುಣ್ಣದ ಗಾರೆಯನ್ನು ನಯವಾಗಿ ತೀಡಿ, ಕೆಲವೆಡೆ ಹಸಿ ಗಾರೆಯ ಮೇಲೆ, ಕೆಲವೆಡೆ ಒಣಗಿದ ಮೇಲೆ ಬಣ್ಣ ಹಾಕಿದ್ದಾರೆ. ನಮ್ಮ ಹಳೆಯ ಗಾರೆ ಕೆಲಸದವರು ಸುಣ್ಣಕ್ಕೆ ಬೆಲ್ಲದ ನೀರನ್ನೂ ಅಳಲೆಕಾಯಿಯ ರಸವನ್ನೂ ಬೆರೆಸುತ್ತಿದ್ದಂತೆ, ಅಲ್ಲಿನವರು ಪಾಪಾಸುಕಳ್ಳಿಯ ಲೋಳೆಯನ್ನು ಬೆರೆಸುವ ರೂಢಿಯುಂಟು. ನಮ್ಮ ಹೊಲದ ಬೇಲಿಗಳಲ್ಲಿ ಕಾಣುವ ಪಾಪಾಸುಕಳ್ಳಿಯ ತವರೂ ಅಮೆರಿಕ ಖಂಡವೇ ಎಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು. ಬಹುಪಾಲು ಚಿತ್ರಗಳು ಕಪ್ಪು ಬಿಳುಪಿನವು. ಇದಕ್ಕೆ ಬಡತನ ಕಾರಣವಲ್ಲ. ಯುರೋಪಿನಿಂದ ಬಂದ ಪುಸ್ತಕಗಳಲ್ಲಿನ ಮರದಚ್ಚಿನ ಚಿತ್ರಗಳು, ಮುಖಪುಟದ ಬಳ್ಳಿ ಅಂಚುಗಳು, ಇವೇ ಚಿತ್ರಗಾರರ ಮುಂದಿದ್ದ ಮಾದರಿಗಳು. ಅಂಗೈಯಗಲದ ಅಚ್ಚಿನ ಚಿತ್ರವನ್ನು ಆಳೆತ್ತರದ ಗೋಡೆಗೆ ಹಿಗ್ಗಿಸುವುದು ಎಷ್ಟು ಕಷ್ಟದ ಕೆಲಸವೆಂಬುದನ್ನು, ಚೌಕುಳಿ ಹಾಕಿ ಚಿತ್ರ ದೊಡ್ಡದು ಮಾಡಲು ಕಲಿತ ನನ್ನ ವಿದ್ಯಾರ್ಥಿಗಳು ಬಲ್ಲರು.

ಮೆಕ್ಸಿಕೊ ನಗರದಿಂದ ಉತ್ತರಕ್ಕೆ ಸುಮಾರು 120 ಕಿಲೋಮೀಟರು ದೂರದಲ್ಲಿ ಆಕ್ತೋಪಾನ್ ಎಂಬ ಊರಿದೆ. ಅಲ್ಲಿಯ ಆಗಸ್ಟೀನಿಯನ್ ಮಠದ ಮೆಟ್ಟಿಲಸಾಲೆಯನ್ನು ಹತ್ತುವಾಗ ನಾಲ್ಕು ಗೋಡೆಗಳೂ ಒಮ್ಮೆಲೇ ನಮ್ಮನ್ನು ಸುತ್ತುವರಿಯುತ್ತವೆ. ಅಂತಸ್ತು ಅಂತಸ್ತಾಗಿ ಕಮಾನುಗಳ ಸಾಲು. ಪ್ರತಿ ಕಮಾನಿನ ಕೆಳಗೂ ಒಬ್ಬೊಬ್ಬ ಸಂತ, ಬಿಷಪ್ ಅಥವಾ ಪಂಡಿತ ಪೀಠದ ಮೇಲೆ ಕುಳಿತು ಓದುತ್ತಲೋ ಬರೆಯುತ್ತಲೋ ಇದ್ದಾನೆ. ಮುಂದೆ ಮೇಜು, ಅದರ ಮೇಲೆ ಗ್ರಂಥ, ಕೈಯಲ್ಲಿ ಲೇಖನಿ. ನಿಲುವಂಗಿಯ ಮಡಿಕೆಗಳನ್ನು ಕಪ್ಪು ಗೆರೆಗಳಲ್ಲಿಯೇ ತೋರಿಸಿದ ಬಗೆಯನ್ನು ನೋಡುತ್ತ ನಾನು ಬಹಳ ಹೊತ್ತು ನಿಂತೆ. ಅದು ವಿದ್ಯೆಗೆ ಎತ್ತಿದ ಆರತಿ. ಹೊರಗಿನ ತೆರೆದ ಮಂಟಪದ ಗೋಡೆಗಳಲ್ಲಾದರೋ ಅಂತಿಮ ನ್ಯಾಯನಿರ್ಣಯ, ನರಕದ ಯಾತನೆಗಳು, ಪಾಪಿಗಳನ್ನು ಹಿಂಸಿಸುವ ಪಿಶಾಚಿಗಳು. ಒಳಗಿರುವ ಸಂನ್ಯಾಸಿಗೆ ಜ್ಞಾನದ ಚಿತ್ರ, ಹೊರಗೆ ನಿಂತ ಜನಕ್ಕೆ ಭಯದ ಚಿತ್ರ! ಇದನ್ನು ಕಂಡಾಗ ಮನಸ್ಸು ಸ್ವಲ್ಪ ಮುದುಡಿತು.

ಮೆಟ್ಟಿಲ ಬುಡದ ಗೋಡೆಯಲ್ಲಿ ಇನ್ನೊಂದು ಚಿತ್ರವಿದೆ. ಮಾರ್ತಿನ್ ದೆ ಅಸೆವೇದೊ ಎಂಬ ಸಂನ್ಯಾಸಿಯೊಂದಿಗೆ ಇಬ್ಬರು ಸ್ಥಳೀಯ ನಾಯಕರು ಮಂಡಿಯೂರಿ ಪ್ರಾರ್ಥಿಸುತ್ತಿದ್ದಾರೆ. ಅವರು ಯಾರೆಂಬುದು ಪಕ್ಕದಲ್ಲಿಯೇ ಬರೆದಿದೆ: ಹ್ವಾನ್ ಇನಿಕಾ ಆಕ್ತೋಪಾ, ಪೆದ್ರೊ ಇಸ್ಕ್ವಿಕ್ವಿತ್ಲಾಪಿಲ್ಕೊ. ಊರಿನ ಒಡೆಯರ ಆಶ್ರಯವಿಲ್ಲದೆ ಇಂಥ ಮಠಗಳು ಏಳುತ್ತಿರಲಿಲ್ಲವಾದ್ದರಿಂದ ಅವರ ಹೆಸರು ಉಳಿದುದು ನ್ಯಾಯವೇ ಸರಿ. ಆದರೆ ಅವರ ಮುಖಗಳನ್ನು ಬರೆದವನ ಹೆಸರನ್ನು ಯಾರೂ ಬರೆದಿಡಲಿಲ್ಲ.

ಆ ಹೆಸರಿಲ್ಲದವನ ವಿಷಯದಲ್ಲಿ ಮತ್ತೊಂದು ಸಂಗತಿಯಿದೆ. 1536ರ ಜನವರಿ 6ರಂದು ತ್ಲಾತೆಲೋಲ್ಕೊದಲ್ಲಿ ಸಂತಾ ಕ್ರೂಸ್ ವಿದ್ಯಾಲಯ ಪ್ರಾರಂಭವಾಯಿತು. ಅಲ್ಲಿ ಮೂಲನಿವಾಸಿ ಕುಲೀನರ ಮಕ್ಕಳು ಲ್ಯಾಟಿನ್ ಭಾಷೆಯನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ, 1552ರಲ್ಲಿ ಮಾರ್ತಿನ್ ದೆ ಲಾ ಕ್ರೂಸ್ ಎಂಬ ನಾಡವೈದ್ಯ ರಚಿಸಿದ ಗಿಡಮೂಲಿಕೆಗಳ ಗ್ರಂಥವನ್ನು ಹ್ವಾನ್ ಬದಿಯಾನೊ ಎಂಬ ಮೂಲನಿವಾಸಿ ವಿದ್ವಾಂಸ ಲ್ಯಾಟಿನ್ನಿಗೆ ಅನುವಾದಿಸಿದನು. ಈ ಹುಡುಗರೇ ಮುಂದೆ ಪಾದ್ರಿಗಳಾಗುವರೆಂಬ ಆಸೆ ಆರಂಭದಲ್ಲಿ ಕೆಲವರಿಗಿತ್ತು. ಆ ಆಸೆ ಹೆಚ್ಚು ಕಾಲ ಬಾಳಲಿಲ್ಲ. 1555ರಲ್ಲಿ ಸೇರಿದ ಮೊದಲ ಮೆಕ್ಸಿಕನ್ ಧರ್ಮಸಭೆ ಮೂಲನಿವಾಸಿಗಳಿಗೆ ಗುರುದೀಕ್ಷೆಯನ್ನು ನಿಷೇಧಿಸಿತು. ಪರೀಕ್ಷೆಗೊಳಪಡದೆ ಯಾರೂ ಪವಿತ್ರ ಚಿತ್ರಗಳನ್ನು ಬರೆಯಕೂಡದೆಂಬ ಕಟ್ಟಳೆಯನ್ನೂ ಅದೇ ಸಭೆ ವಿಧಿಸಿತು. ಹಾಗಾಗಿ ಆಕ್ತೋಪಾನಿನ ಮೆಟ್ಟಿಲಸಾಲೆಯಲ್ಲಿ ಓದುತ್ತ ಕುಳಿತ ಗುರುಗಳನ್ನು ಅಷ್ಟು ಶ್ರದ್ಧೆಯಿಂದ ಚಿತ್ರಿಸಿದವನಿಗೆ, ಅವನು ಎಷ್ಟೇ ಓದಿದವನಾಗಿದ್ದರೂ, ಆ ಪೀಠದ ಮೇಲೆ ಕುಳಿತುಕೊಳ್ಳುವ ಹಕ್ಕಿರಲಿಲ್ಲ. ಕುಂಚವನ್ನು ಕೊಟ್ಟರು, ಪೀಠವನ್ನು ಕೊಡಲಿಲ್ಲ. ಮೆಕ್ಸಿಕೊದ ಮಠಗಳನ್ನು ಸುತ್ತಿ ನಾನು ಹೊತ್ತುತಂದ ಭಾರವೆಂದರೆ ಇದೊಂದೇ ಮಾತು.

ಕೊಡುವುದೂ ಕಿತ್ತುಕೊಳ್ಳುವುದೂ ಹೇಗೆ ಒಂದೇ ಕೈಯಿಂದ ನಡೆಯಿತೆಂಬುದಕ್ಕೆ 1562ನೆಯ ಇಸವಿಯೇ ಸಾಕ್ಷಿ. ಆ ವರ್ಷದ ಜುಲೈ ತಿಂಗಳಿನಲ್ಲಿ ಯುಕತಾನ್ ಪ್ರಾಂತ್ಯದ ಮನಿ ಎಂಬ ಊರಿನಲ್ಲಿ ದಿಯೆಗೊ ದೆ ಲಾಂದಾ ಎಂಬ ಫ್ರಾನ್ಸಿಸ್ಕನ್ ಸಂನ್ಯಾಸಿ ಮಾಯಾ ಜನರ ಪುಸ್ತಕಗಳನ್ನು ರಾಶಿ ಹಾಕಿ ಸುಡಿಸಿದನು. ಪ್ರಾಚೀನ ಮಾಯಾ ಪುಸ್ತಕಗಳಲ್ಲಿ ಇಂದು ಜಗತ್ತಿಗೆ ಉಳಿದಿರುವುವು ನಾಲ್ಕೇ ನಾಲ್ಕು. ಅದೇ 1562ರಲ್ಲಿ, ಅದೇ ಫ್ರಾನ್ಸಿಸ್ಕನ್ ಪಂಥದವರು ಪುಯೆಬ್ಲಾ ಪ್ರಾಂತ್ಯದ ತೆಕಮಚಾಲ್ಕೊ ಎಂಬ ಊರಿನಲ್ಲಿ ಕಟ್ಟಿಸಿದ ದೇವಾಲಯಕ್ಕೆ ಮೂಲನಿವಾಸಿ ಕಲಾವಿದನೊಬ್ಬ ಚಿತ್ರಗಳನ್ನು ಬರೆದನು. ಗಾಯಕರ ಉಪ್ಪರಿಗೆಯ ಕೆಳಗಿನ ಕಮಾನು ಛಾವಣಿಯಲ್ಲಿ ಅಂಡಾಕಾರದ 28 ಚಿತ್ರಗಳು: ನೋಹನ ನಾವೆ, ಬಾಬೆಲಿನ ಗೋಪುರ, ಲೋಕಾಂತ್ಯದ ದರ್ಶನಗಳು. ವಿಷಯವೆಲ್ಲ ಬೈಬಲ್ಲಿನದು, ಮಾದರಿಯೆಲ್ಲ ಯುರೋಪಿನ ಅಚ್ಚಿನ ಚಿತ್ರಗಳದು. ಆದರೆ ಚಿತ್ರಗಳನ್ನು ಬರೆದದ್ದು ಅಮಾತೆ ಕಾಗದದ ಮೇಲೆ! ಹಳೆಯ ಪುಸ್ತಕಗಳ ಅದೇ ತೊಗಟೆಯ ಕಾಗದದ ಮೇಲೆ ಬರೆದು ಛಾವಣಿಗೆ ಅಂಟಿಸಿದ್ದಾರೆ. ಒಂದು ಕಡೆ ಬೆಂಕಿಗೆ ಆಹುತಿಯಾದ ಕಲೆ ಇನ್ನೊಂದು ಕಡೆ ದೇವರ ಮನೆಯ ಛಾವಣಿಯನ್ನೇರಿತು.

ಈ ಚಿತ್ರಗಾರನ ಹೆಸರು ನಮಗೆ ದೊರಕಿದೆ: ಹ್ವಾನ್ ಹೆರ್ಸೋನ್. ದೊರಕಿಯೂ ಆ ಹೆಸರು ಅವನನ್ನು ಬಹುಕಾಲ ಮರೆಮಾಡಿತು. ಫ್ರಾನ್ಸಿನ ಪ್ರಸಿದ್ಧ ಧರ್ಮಪಂಡಿತನೊಬ್ಬನ ಹೆಸರೂ ಅದೇ ಆಗಿದ್ದುದರಿಂದ, ಇಷ್ಟು ನುರಿತ ಕೈ ಯುರೋಪಿನಿಂದ ಬಂದವನದೇ ಇರಬೇಕೆಂದು ವಿದ್ವಾಂಸರು ತರ್ಕಿಸಿದ್ದರು. 1960ರ ದಶಕದ ಆರಂಭದಲ್ಲಿ ಹಳೆಯ ದಾಖಲೆಗಳನ್ನು ಶೋಧಿಸಿದಾಗ, ಅವನು ತೆಕಮಚಾಲ್ಕೊದ ಮೂಲನಿವಾಸಿ ಕುಲೀನ ಮನೆತನದವನೆಂಬುದು ಖಚಿತವಾಯಿತು. ರೋಸಾ ಕಮೇಲೊ, ಹೋರ್ಹೆ ಗುರ್ರಿಯಾ ಲಕ್ರ್ವಾ, ಕಾನ್ಸ್ತಂತೀನೊ ರೆಯೆಸ್-ವಲೇರಿಯೊ ಎಂಬ ಮೂವರು ವಿದ್ವಾಂಸರು 1964ರಲ್ಲಿ ಪ್ರಕಟಿಸಿದ ಪುಸ್ತಕದ ಶೀರ್ಷಿಕೆಯಲ್ಲಿಯೇ ಅವನನ್ನು 'ತ್ಲಾಕ್ವಿಲೊ' ಎಂದು ಕರೆದಿದ್ದಾರೆ. ನಾಲ್ಕು ಶತಮಾನಗಳ ಮೇಲೆ ಅವನಿಗೆ ತನ್ನ ಬಿರುದು ಮರಳಿ ದೊರೆಯಿತು.

ಹೆಸರಿಲ್ಲದವರು ಮೌನವಾಗಿದ್ದರೆಂದು ಮಾತ್ರ ಭಾವಿಸಬಾರದು. ಆಕ್ತೋಪಾನಿನಿಂದ ಮುಂದೆ ಒತೋಮಿ ಜನರ ನಾಡಿನಲ್ಲಿರುವ ಇಸ್ಮಿಕಿಲ್ಪಾನಿನ ಆಗಸ್ಟೀನಿಯನ್ ದೇವಾಲಯವನ್ನು ಹೊಕ್ಕವನು ಬೆರಗಾಗದಿರಲಾರ. ಅಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ನಾನು ಹೋದಾಗ ಬಲಿಪೂಜೆ ನಡೆದಿದ್ದುದರಿಂದ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತು ಗೋಡೆಯನ್ನು ನೋಡತೊಡಗಿದೆ. ಉದ್ದಕ್ಕೂ ಹರಿಯುವ ದಪ್ಪ ಬಳ್ಳಿ ರೋಮನ್ ಶೈಲಿಯದು. ಆದರೆ ಆ ಬಳ್ಳಿಯ ಸುರುಳಿಗಳೊಳಗೆ ನಡೆದಿರುವುದು ಘೋರ ಯುದ್ಧ! ಜಾಗ್ವಾರ್ ಎಂಬ ಚುಕ್ಕೆಹುಲಿಯ ತೊಗಲನ್ನೂ ತೋಳದಂಥ ಕೊಯೋಟಿಯ ತೊಗಲನ್ನೂ ಹೊದ್ದ ಯೋಧರು, ಕಪ್ಪು ಗಾಜಿನಂಥ ಕಲ್ಲಿನ ಅಲಗುಗಳನ್ನು ಕೂರಿಸಿದ ಮರದ ಗದೆಗಳನ್ನು ಬೀಸುತ್ತಿದ್ದಾರೆ. ಎದುರಾಳಿಗಳು ಬಿಲ್ಲುಗಾರರು. ಗ್ರೀಕರ ಪುರಾಣದಿಂದ ಬಂದ ಅರ್ಧ ಮನುಷ್ಯ ಅರ್ಧ ಕುದುರೆಯ ಆಕೃತಿಯೊಂದು ನಾಡಿನ ಪಾದರಕ್ಷೆಗಳನ್ನು ಮೆಟ್ಟಿ, ಕತ್ತರಿಸಿದ ತಲೆಯನ್ನು ಹಿಡಿದು ನಿಂತಿದೆ. ಯೋಧರ ಬಾಯಿಂದ ಮಾತಿನ ಸುರುಳಿಗಳು ಹೊಮ್ಮಿವೆ. ಹಳೆಯ ಪುಸ್ತಕಗಳಲ್ಲಿ ಮಾತನ್ನೂ ಹಾಡನ್ನೂ ಸೂಚಿಸುತ್ತಿದ್ದ ಅದೇ ಚಿಹ್ನೆ. ಬಣ್ಣಗಳೂ ಇಲ್ಲಿ ಕಪ್ಪು ಬಿಳುಪಿಗೆ ನಿಂತಿಲ್ಲ. ನೀಲಿ, ಹಸುರು, ಕಾವಿ ಹಳದಿಗಳು ಬೆಳಗುತ್ತವೆ.

ಇದರ ಅರ್ಥವೇನೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. 1550ರಿಂದ 1590ರವರೆಗೆ ಉತ್ತರದ ಚಿಚಿಮೆಕ ಪಂಗಡಗಳ ಮೇಲೆ ನಡೆದ ಯುದ್ಧದಲ್ಲಿ ಒತೋಮಿ ಯೋಧರು ಸ್ಪೇನಿನವರ ಪರವಾಗಿ ಕಾದಿದ್ದರು. ಅದರ ಚಿತ್ರವೇ ಇದೆಂದು ಕೆಲವರು ಹೇಳುತ್ತಾರೆ. ಒಳಿತು ಕೆಡುಕುಗಳ ಹೋರಾಟದ ಕ್ರೈಸ್ತ ರೂಪಕವೆಂದು ಕೆಲವರು, ಹಳೆಯ ಯುದ್ಧಗೀತೆ ಕುಣಿತಗಳ ನೆನಪೆಂದು ಇನ್ನು ಕೆಲವರು ವಾದಿಸುತ್ತಾರೆ. ಪಂಡಿತರ ತೀರ್ಮಾನ ಏನೇ ಇರಲಿ, ಪಾಠವನ್ನು ಒಪ್ಪಿಸುತ್ತಲೇ ತನ್ನ ಮನೆಯ ಮಾತನ್ನೂ ಸೇರಿಸಿ ಹೇಳುವ ವಿದ್ಯಾರ್ಥಿಯ ದನಿಯನ್ನು ನಾನು ಅಲ್ಲಿ ಗುರುತಿಸಿದೆ.

ಇದಕ್ಕಿಂತ ಮೆಲುದನಿಯ ಗೋಡೆಗಳು ಮೆಕ್ಸಿಕೊ ನಗರದ ನೈರುತ್ಯಕ್ಕಿರುವ ಮಲಿನಾಲ್ಕೊ ಊರಿನ ಮಠದಲ್ಲಿವೆ. ಕೆಳಗಿನ ಕೈಸಾಲೆಯ ಸುತ್ತಲೂ ಒಂದು ಉದ್ಯಾನವನ್ನೇ ಬರೆದಿದ್ದಾರೆ. ಕಪ್ಪು ಬಿಳುಪಿನ ನಡುವೆ ಅಲ್ಲಲ್ಲಿ ಹಸುರು ಮಿಶ್ರಿತ ನೀಲಿ. ಬಳ್ಳಿಗಳ ನಡುವೆ ಯೇಸುವಿನ ಹೆಸರಿನ ಮುದ್ರೆ, ಬಾಣಗಳು ನಾಟಿದ ಹೃದಯವೆಂಬ ಆಗಸ್ಟೀನಿಯನ್ ಲಾಂಛನ. ಯುರೋಪಿನ ದ್ರಾಕ್ಷಿ, ಗುಲಾಬಿಗಳ ಪಕ್ಕದಲ್ಲಿಯೇ ನಾಡಿನ ಹೂಗಿಡಗಳು, ಕೋಕೋ ಮರ, ಮರದಲ್ಲಿ ಮಂಗ, ಜೇನು ಹೀರುವ ಝೇಂಕಾರದ ಹಕ್ಕಿ, ಜಿಂಕೆ, ಮೊಲ, ಹಾವು, ಚಿಟ್ಟೆ. ಜೀನೆಟ್ ಪೀಟರ್ಸನ್ ಎಂಬ ವಿದುಷಿ ಈ ಗಿಡಮರ ಪ್ರಾಣಿಗಳನ್ನು ಒಂದೊಂದಾಗಿ ಗುರುತಿಸಿ 1993ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅನೇಕ ಸಸ್ಯಗಳು ಔಷಧಕ್ಕೂ ಪೂಜೆಗೂ ಬಳಕೆಯಾಗುತ್ತಿದ್ದಂಥವು. ಇವನ್ನು ಬರೆದವರಲ್ಲಿ ಕೆಲವರಿಗೆ ತ್ಲಾತೆಲೋಲ್ಕೊದ ಚಿತ್ರಗಾರರೊಂದಿಗೆ ನಂಟಿದ್ದಿತೆಂಬುದು ಅವರ ಅಭಿಪ್ರಾಯ. ಬೆರ್ನಾರ್ದಿನೊ ದೆ ಸಹಗೂನ್ ಎಂಬ ಫ್ರಾನ್ಸಿಸ್ಕನ್ ವಿದ್ವಾಂಸ ಮೂಲನಿವಾಸಿ ಶಿಷ್ಯರ ನೆರವಿನಿಂದ ಸಿದ್ಧಪಡಿಸಿದ ಹನ್ನೆರಡು ಭಾಗಗಳ ಮಹಾಗ್ರಂಥಕ್ಕೆ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಬರೆದವರು ಅಂಥವರೇ. ಆ ಗ್ರಂಥದಲ್ಲಿ ಒಳ್ಳೆಯ ತ್ಲಾಕ್ವಿಲೊ ಯಾರು, ಕೆಟ್ಟವನು ಯಾರು ಎಂಬ ವಿವರಣೆಯೂ ಉಂಟು. ಸಂನ್ಯಾಸಿಗೆ ಮಲಿನಾಲ್ಕೊದ ಕೈಸಾಲೆ ಬೈಬಲ್ಲಿನ ಸ್ವರ್ಗೋದ್ಯಾನವಾಗಿ ಕಂಡಿರಬೇಕು. ಬರೆದವನಿಗೆ ಅದು ಅಜ್ಜಿ ಹೇಳಿಕೊಟ್ಟ ಬೇರು ಸೊಪ್ಪುಗಳ ತವರಾಗಿಯೂ ಕಂಡಿರಬಹುದು. ಒಂದೇ ಗೋಡೆಯ ಮುಂದೆ ಇಬ್ಬರೂ ತೃಪ್ತಿಯಿಂದ ನಿಂತಿರಲು ಸಾಧ್ಯ.

ಈ ಚಿತ್ರಗಳು ನಮ್ಮ ಕಾಲದವರೆಗೆ ಉಳಿದು ಬಂದ ಕಥೆ ವಿಚಿತ್ರವಾದುದು. 1545ರಿಂದ 1548ರವರೆಗೆ, ಮತ್ತೆ 1576ರಿಂದ ಮುಂದೆ ಬಂದೆರಗಿದ ಭಯಂಕರ ಸಾಂಕ್ರಾಮಿಕಗಳಲ್ಲಿ ಮೂಲನಿವಾಸಿಗಳು ಲಕ್ಷಗಟ್ಟಲೆ ಅಳಿದರು. ಕಟ್ಟುವ ಕೈಗಳೂ ಬರೆಯುವ ಕೈಗಳೂ ವಿರಳವಾದುವು. ಮುಂದಿನ ತಲೆಮಾರುಗಳ ಅಭಿರುಚಿ ಬದಲಾಗಿ ಚಿತ್ರಗಳ ಮೇಲೆ ಸುಣ್ಣ ಬಳಿದರು. 1859ರ ಸುಧಾರಣಾ ಶಾಸನದಿಂದ ಮಠಗಳ ಆಸ್ತಿಯೆಲ್ಲ ಸರ್ಕಾರದ ವಶವಾದ ಮೇಲೆ ಎಷ್ಟೋ ಮಠಗಳು ಸೈನಿಕರ ಬಿಡಾರಗಳೂ ಕುದುರೆ ಲಾಯಗಳೂ ಆದುವು. ಕಲೆಯನ್ನು ಅಳಿಸಲೆಂದು ಬಳಿದ ಸುಣ್ಣವೇ ಅದನ್ನು ಕಾಪಾಡಿತು. ಇಸ್ಮಿಕಿಲ್ಪಾನಿನ ಯೋಧರು 20ನೆಯ ಶತಮಾನದ ಮಧ್ಯಭಾಗದಲ್ಲಿ, ಮಲಿನಾಲ್ಕೊದ ಉದ್ಯಾನ 1970ರ ದಶಕದಲ್ಲಿ, ಸುಣ್ಣದ ಪದರದ ಕೆಳಗಿನಿಂದ ಮತ್ತೆ ಬೆಳಕಿಗೆ ಬಂದುವು. ಪೊಪೊಕತೆಪೆತ್ಲ್ ಜ್ವಾಲಾಮುಖಿಯ ತಪ್ಪಲಿನ ಹದಿನಾಲ್ಕು ಮಠಗಳನ್ನು ಯುನೆಸ್ಕೊ 1994ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 2017ರ ಸೆಪ್ಟೆಂಬರ್ 19ರ ಭೂಕಂಪದಲ್ಲಿ ಅವುಗಳಲ್ಲಿ ಅನೇಕವು ಬಿರುಕುಬಿಟ್ಟುವು.

ಪರಕೀಯರ ಧರ್ಮವನ್ನು ಪರಕೀಯರ ಮಾದರಿಯಲ್ಲಿ ಬರೆದ ಈ ಕಲಾವಿದರನ್ನು ಗುಲಾಮರೆಂದು ಮರುಗಬೇಕೆ, ಒಳಗೊಳಗೇ ಪ್ರತಿಭಟಿಸಿದ ವೀರರೆಂದು ಕೊಂಡಾಡಬೇಕೆ ಎಂಬ ಚರ್ಚೆ ಇಂದಿಗೂ ನಡೆದಿದೆ. ಎರಡೂ ಪೂರ್ಣ ಸತ್ಯವಲ್ಲವೆಂದು ನನ್ನ ನಮ್ರ ಅಭಿಪ್ರಾಯ. ಗೆರೆಯಲ್ಲಿ ಅಷ್ಟೊಂದು ಪ್ರೀತಿ ಬಲಾತ್ಕಾರದಿಂದ ಹುಟ್ಟಲಾರದು. ಗುರುಗಳಲ್ಲಿ ಗಾಂತೆಯಂಥ ಪ್ರೇಮಮಯಿಗಳಿದ್ದರು. ಕಲಿತವರಲ್ಲಿ ನಿಜವಾದ ಭಕ್ತಿಯೂ ಇತ್ತು. ದೋಷವಿದ್ದುದು ಬೇರೆಡೆ. ಶಿಷ್ಯನು ತನ್ನಷ್ಟು ಎತ್ತರಕ್ಕೆ ಬೆಳೆದಾಗ ಗುರುವಿಗೆ ಸಂತೋಷವಾಗುವ ಬದಲು ಸಂಶಯ ಹುಟ್ಟಿತು. ಮನೆಯಿಂದ ಅವನು ತಂದ ವಿದ್ಯೆ ಗೋಡೆಯ ಅಲಂಕಾರಕ್ಕೆ ಬೇಕಾಯಿತು, ಪೀಠದ ಮೇಲೆ ಬೇಡವಾಯಿತು. ತ್ಲಾತೆಲೋಲ್ಕೊ ವಿದ್ಯಾಲಯ ಯಾವ ಉದ್ದೇಶಕ್ಕೆ ಹುಟ್ಟಿತೋ ಆ ಉದ್ದೇಶ ಅಲ್ಲಿಗೇ ಬತ್ತಿತು.

ಒಂದು ವಿದ್ಯಾಸಂಸ್ಥೆಯ ಸಾರ್ಥಕತೆಯನ್ನು ಅಳೆಯಲು ಅನೇಕ ಅಳತೆಗೋಲುಗಳಿವೆ. ಕಟ್ಟಡ, ಫಲಿತಾಂಶ, ಪ್ರಶಸ್ತಿ ಯಾವುದೂ ಹೀನವಲ್ಲ. ಆ ಮೆಟ್ಟಿಲಸಾಲೆ ನನಗೆ ಇನ್ನೊಂದು ಅಳತೆಗೋಲನ್ನು ಕೊಟ್ಟಿತು. ನಾವು ಚಿತ್ರದಲ್ಲಿ ತೋರಿಸುವ ಪೀಠದ ಮೇಲೆ, ಆ ಚಿತ್ರವನ್ನು ಬರೆಯುವ ಮಗು ಒಂದು ದಿನ ಕುಳಿತುಕೊಳ್ಳಬಲ್ಲುದೆ? ಈ ಪ್ರಶ್ನೆಗೆ ಹೌದೆಂದು ಉತ್ತರಿಸಬಲ್ಲ ಶಾಲೆಯೇ ಶಾಲೆ. ಹಿರಿಯರಿಗೆ ನನ್ನದೊಂದು ಚಿಕ್ಕ ಬಿನ್ನಹವೂ ಇದೆ. ಇಂಥ ಸಂಚಿಕೆಗಳಲ್ಲಿ ದಾತೃಗಳ ನಾಮಾವಳಿಯನ್ನು ನಾವು ಕೃತಜ್ಞತೆಯಿಂದ ಅಚ್ಚಿಸುತ್ತೇವೆ. ಅದು ಹಾಗೆಯೇ ಇರಲಿ. ಅದರ ಕೆಳಗೆ, ಗಾರೆ ತೀಡಿದವರ, ಫಲಕ ಬರೆದವರ, ಮುಖಪುಟದ ಚಿತ್ರ ಬರೆದ ವಿದ್ಯಾರ್ಥಿಯ ಹೆಸರುಗಳಿಗೂ ಒಂದು ಪುಟವನ್ನು ಮೀಸಲಿಡೋಣ. ನಾಲ್ಕುನೂರು ವರ್ಷ ಕಳೆದ ಮೇಲೆ ಹಳೆಯ ಕಡತಗಳನ್ನು ಕೆದಕಿ ಅವರು ಯಾರೆಂದು ಹುಡುಕುವ ಶ್ರಮ ಯಾರಿಗೂ ಬಾರದಿರಲಿ.